ಸಮಾನತೆಯ ಮೊದಲ ಪಾಠ ಅಂಗನವಾಡಿಯಲ್ಲೇ ಆಗಲಿ

1996ರ ಮಳೆಗಾಲದ ಒಂದು ಬೆಳಿಗ್ಗೆ, ಆಗಿನ ಹೈದರಾಬಾದ್ ಕರ್ನಾಟಕದ ತಾಲ್ಲೂಕೊಂದರಲ್ಲಿ ಅಂಗನವಾಡಿ ಕೇಂದ್ರದ ತಪಾಸಣೆಗೆ ಹೋಗಿದ್ದೆ. ಹಾಜರಿ ಪುಸ್ತಕ, ತೂಕದ ಪಟ್ಟಿ, ಆಹಾರ ದಾಸ್ತಾನಿನ ಲೆಕ್ಕ ಎಲ್ಲವನ್ನೂ ನೋಡಿದೆ. ಹೊರಡುವ ಹೊತ್ತಿಗೆ ಮಕ್ಕಳು ಊಟಕ್ಕೆ ಕುಳಿತರು. ಚಾಪೆಯ ಮೇಲೆ ಒಂದು ಸಾಲು. ಬಾಗಿಲ ಬಳಿ, ಬರಿ ನೆಲದ ಮೇಲೆ, ಇನ್ನೊಂದು ಸಾಲು. ಯಾರೂ ಯಾರಿಗೂ ಎಲ್ಲಿ ಕೂರಬೇಕೆಂದು ಹೇಳಲಿಲ್ಲ. ಮೂರು-ನಾಲ್ಕು ವರ್ಷದ ಮಕ್ಕಳು ತಮ್ಮ ತಮ್ಮ ಜಾಗವನ್ನು ತಾವೇ ಹುಡುಕಿಕೊಂಡು ಹೋಗಿ ಕುಳಿತವು. ಬಾಗಿಲ ಬಳಿ ಕುಳಿತವರು ಊರಾಚೆಯ ಕೇರಿಯವರು ಎಂಬುದು ಕೇಳದೆಯೇ ತಿಳಿಯುವಂತಿತ್ತು.

ಅಂದು ನಾನು ಬರೆದ ತಪಾಸಣಾ ಟಿಪ್ಪಣಿಯಲ್ಲಿ ‘ಕೇಂದ್ರದ ನಿರ್ವಹಣೆ ತೃಪ್ತಿಕರ’ ಎಂದಿತ್ತು. ನಾನು ಸುಳ್ಳು ಬರೆದಿರಲಿಲ್ಲ. ನಮೂನೆಯಲ್ಲಿ ಕೇಳಿದ್ದ ಎಲ್ಲವೂ ಅಲ್ಲಿ ತೃಪ್ತಿಕರವಾಗಿಯೇ ಇತ್ತು. ಮಕ್ಕಳು ಹೇಗೆ ಕೂರುತ್ತಾರೆ ಎಂಬುದಕ್ಕೆ ನಮೂನೆಯಲ್ಲಿ ಅಂಕಣವಿರಲಿಲ್ಲ. ಅಂಕಣವಿಲ್ಲದ್ದನ್ನು ನೋಡದಿರುವ ಅಭ್ಯಾಸವನ್ನು ಸರ್ಕಾರಿ ಸೇವೆ ಬಹುಬೇಗ ಕಲಿಸಿಬಿಡುತ್ತದೆ. ನಿವೃತ್ತನಾದ ಮೇಲೆ ನನ್ನ ಸೇವಾವಧಿಯ ಹಲವು ಆದೇಶಗಳು, ಸಭೆಗಳು ಮರೆತುಹೋಗಿವೆ. ಆ ಎರಡು ಸಾಲುಗಳು ಮಾತ್ರ ಮರೆತಿಲ್ಲ.

‘ಮಕ್ಕಳಿಗೆ ಭೇದಭಾವ ತಿಳಿಯದು, ಅವರು ದೇವರ ಸಮಾನ’ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಈ ಮಾತು ಕೇಳಲು ಹಿತವಾಗಿದೆ, ಆದರೆ ನಿಜವಲ್ಲ. 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ, ಬಣ್ಣವೊಂದನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ಒಂದೇ ತೆರನಾದ ಬೊಂಬೆಗಳನ್ನಿಟ್ಟು, ಇವುಗಳಲ್ಲಿ ಒಳ್ಳೆಯ ಬೊಂಬೆ ಯಾವುದು ಎಂದು ಕೇಳಿದರು. ಬಹುಪಾಲು ಮಕ್ಕಳು ಬೆರಳು ತೋರಿಸಿದ್ದು ಬಿಳಿಯ ಬೊಂಬೆಯತ್ತ. ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂದು 1954ರಲ್ಲಿ ತೀರ್ಪು ನೀಡಿದಾಗ ಅಮೆರಿಕದ ಸುಪ್ರೀಂ ಕೋರ್ಟ್ ಈ ಅಧ್ಯಯನವನ್ನು ಉಲ್ಲೇಖಿಸಿತು.

ನಮ್ಮ ನೆಲದ ಉದಾಹರಣೆಯೂ ಇದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು ಮತ್ತು ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟರು. ಜಾತಿಯ ಪ್ರಸ್ತಾಪವಿಲ್ಲದಿದ್ದಾಗ ಮೇಲ್ಜಾತಿಯ ಮತ್ತು ಕೆಳಜಾತಿಯ ಹುಡುಗರ ಸಾಧನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎಲ್ಲರೆದುರು ಹೆಸರಿನೊಂದಿಗೆ ಜಾತಿಯನ್ನೂ ಓದಿ ಹೇಳಿದಾಗ ಕೆಳಜಾತಿಯ ಹುಡುಗರ ಸಾಧನೆ ಗಣನೀಯವಾಗಿ ಕುಸಿಯಿತು. ಒಂದೇ ಕೊಠಡಿ, ಅವೇ ಚಕ್ರವ್ಯೂಹಗಳು. ಬದಲಾದದ್ದು ಒಂದು ಪ್ರಕಟಣೆ ಮಾತ್ರ. ಹನ್ನೊಂದು-ಹನ್ನೆರಡನೇ ವಯಸ್ಸಿಗೆ ಇಷ್ಟು ಆಳವಾಗಿ ಬೇರೂರಿರುವುದು ಆ ವರ್ಷವೇ ಬಿತ್ತಿದ್ದಾಗಿರಲಾರದು. ಬಾಗಿಲ ಬಳಿಯ ಸಾಲಿನಲ್ಲಿ ಕೂರುವ ಮಗು ಅದನ್ನು ಮೂರನೇ ವಯಸ್ಸಿಗೇ ಕಲಿಯುತ್ತಿರುತ್ತದೆ. ಚಾಪೆಯ ಮೇಲೆ ಕೂರುವ ಮಗುವೂ ಕಲಿಯುತ್ತಿರುತ್ತದೆ.

ಇದು ಹಳೆಯ ಕಾಲದ ಮಾತು ಎನ್ನುವವರಿಗೆ 2021ರ ಸೆಪ್ಟೆಂಬರ್ ತಿಂಗಳನ್ನು ನೆನಪಿಸಬೇಕಾಗುತ್ತದೆ. ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಪರಿಶಿಷ್ಟ ಜಾತಿಯ ಪುಟ್ಟ ಮಗುವೊಂದು ಹುಟ್ಟುಹಬ್ಬದ ದಿನ ದೇವಸ್ಥಾನದೊಳಕ್ಕೆ ಓಡಿತು. ಶುದ್ಧೀಕರಣದ ಹೆಸರಿನಲ್ಲಿ ಅದರ ಕುಟುಂಬದಿಂದ ಹಣ ಕೇಳಲಾಯಿತು. ಪ್ರಕರಣ ದಾಖಲಾಯಿತು, ಬಂಧನಗಳೂ ನಡೆದವು. ಕಾನೂನು ತನ್ನ ಕೆಲಸ ಮಾಡಿತು, ನಿಜ. ಆದರೆ ಆ ಮಗುವಿನ ವಯಸ್ಸಿನವರೇ ಆದ ಊರಿನ ಇತರ ಮಕ್ಕಳು ಆ ವಾರವಿಡೀ ಹಿರಿಯರ ಮಾತುಗಳಿಂದ ಏನನ್ನು ಕಲಿತಿರಬಹುದು? ಅದನ್ನು ಕಲಿಯದಂತೆ ಮಾಡುವ ಯಾವ ವ್ಯವಸ್ಥೆ ನಮ್ಮಲ್ಲಿದೆ?

ವ್ಯವಸ್ಥೆ ಇಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಇಂದು ದೇಶದಲ್ಲಿ ಸುಮಾರು 14 ಲಕ್ಷ, ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ‘ಅಂಗನವಾಡಿ’ ಎಂಬ ಪರಿಕಲ್ಪನೆಯ ಹಿಂದೆಯೇ ಸಮಾನತೆಯ ಕಥೆಯೊಂದಿದೆ. 1945ರಲ್ಲಿ ಇಂದಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ ಶಿಶುಶಾಲೆ ತೆರೆದ ತಾರಾಬಾಯಿ ಮೋಡಕ್, ದಲಿತ ಕೇರಿಯ ಮಕ್ಕಳು ಶಾಲೆಗೆ ಬರುತ್ತಿಲ್ಲವೆಂದು ಕಂಡಾಗ ಶಾಲೆಯನ್ನೇ ಅವರ ಅಂಗಳಕ್ಕೆ ಕೊಂಡೊಯ್ದರು. ಅಂಗಳದ ಆ ಶಾಲೆಯನ್ನು ನಾವು ಮುಂದೆ ಪೌಷ್ಟಿಕ ಆಹಾರದ ವಿತರಣಾ ಕೇಂದ್ರವನ್ನಾಗಿ ಮಾತ್ರ ಕಂಡೆವು. ಆಹಾರ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಆಹಾರವನ್ನು ಯಾರ ಪಕ್ಕದಲ್ಲಿ ಕುಳಿತು ತಿನ್ನಲಾಗುತ್ತದೆ ಎಂಬುದೂ ಮುಖ್ಯವೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟರ ವಯಸ್ಸನ್ನು ತಳಹದಿಯ ಹಂತವೆಂದು ಗುರುತಿಸಿತು. 2022ರಲ್ಲಿ ಆ ಹಂತಕ್ಕೆ ಪಠ್ಯಕ್ರಮ ಚೌಕಟ್ಟು ಬಂತು. 2024ರಲ್ಲಿ ಕೇಂದ್ರ ಸರ್ಕಾರ ‘ಆಧಾರಶಿಲಾ’ ಎಂಬ ಪಠ್ಯಕ್ರಮವನ್ನು ಹೊರತಂದಿತು. ನಮ್ಮ ರಾಜ್ಯದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಚಟುವಟಿಕೆ ಪುಸ್ತಕ ಅದಕ್ಕೆ ಮೊದಲಿನಿಂದಲೂ ಇದೆ. ಹೀಗೆ ಕಾಗದದ ಮೇಲೆ ಕೊರತೆಯಿಲ್ಲ. ಪ್ರಶ್ನೆಯಿರುವುದು, ನಾಲ್ಕು ವರ್ಷದ ಮಗುವಿಗೆ ಸಮಾನತೆಯನ್ನು ಕಲಿಸುವುದು ಹೇಗೆ ಎಂಬಲ್ಲಿ. ‘ಎಲ್ಲರೂ ಸಮಾನರು’ ಎಂದು ನೂರು ಸಲ ಹೇಳಿಸಿದರೆ ಮಗು ಆ ವಾಕ್ಯವನ್ನು ಕಲಿಯುತ್ತದೆ, ಅಷ್ಟೇ. ಈ ವಯಸ್ಸಿನವರಿಗೆ ಕಲಿಕೆ ನಡೆಯುವುದು ಕೈಯಲ್ಲಿ, ಕಾಲಲ್ಲಿ, ಆಟದಲ್ಲಿ, ಊಟದಲ್ಲಿ.

ನನಗೆ ಇದನ್ನು ಅರ್ಥ ಮಾಡಿಸಿದ್ದು ಯಾವ ವರದಿಯೂ ಅಲ್ಲ, ಕೆಲವು ವರ್ಷಗಳ ನಂತರ ಇನ್ನೊಂದು ಜಿಲ್ಲೆಯಲ್ಲಿ ಕಂಡ ಒಬ್ಬ ಕಾರ್ಯಕರ್ತೆ. ಆಕೆ ದಿನವೂ ಬಾಗಿಲಲ್ಲಿ ಒಂದು ಬುಟ್ಟಿಯಲ್ಲಿ ಬೇವು, ಮಾವು, ಹೊಂಗೆ, ಆಲದ ಎಲೆಗಳನ್ನು ಬೆರೆಸಿ ಇಡುತ್ತಿದ್ದರು. ಒಳಬರುವ ಮಗು ಕಣ್ಣು ಮುಚ್ಚಿ ಒಂದು ಎಲೆ ತೆಗೆದುಕೊಳ್ಳಬೇಕು. ಅದೇ ಎಲೆ ಸಿಕ್ಕವರೊಂದಿಗೆ ಅಂದು ಕೂರಬೇಕು, ಆಡಬೇಕು, ಉಣ್ಣಬೇಕು. ಬಡಿಸುವ ಸರದಿಯೂ ಎಲೆಯ ಪ್ರಕಾರವೇ. ಜಾತಿಯ ಬಗ್ಗೆ ಆಕೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ಆದರೂ ಊರಿಗೆ ಅರ್ಥವಾಯಿತು. ಮೂರು ಮನೆಯವರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಒಂದು ತಿಂಗಳ ಬಳಿಕ ಎರಡು ಮನೆಯ ಮಕ್ಕಳು ಮರಳಿದರು, ಒಂದು ಮನೆಯದು ಮರಳಲೇ ಇಲ್ಲ. ಹಾಜರಾತಿ ಕುಸಿದದ್ದಕ್ಕೆ ಆಕೆಗೆ ಮೇಲಿನಿಂದ ಕಾರಣ ಕೇಳುವ ನೋಟಿಸು ಹೋಗಿತ್ತು. ಅದನ್ನು ರದ್ದುಪಡಿಸಲು ಸಾಧ್ಯವಾದದ್ದು ನನ್ನ ಸೇವೆಯ ಸಣ್ಣ ಸಮಾಧಾನಗಳಲ್ಲಿ ಒಂದು.

ಇಂಥ ಚಟುವಟಿಕೆಗಳಿಗೆ ದುಬಾರಿ ಸಾಮಗ್ರಿ ಬೇಡ. ಬಣ್ಣದ ಕಡ್ಡಿಗಳ ಪೆಟ್ಟಿಗೆಯಲ್ಲಿ ತಿಳಿಗುಲಾಬಿಯ ಒಂದು ಕಡ್ಡಿಯನ್ನು ‘ಮೈಬಣ್ಣ’ ಎಂದು ಕರೆಯುವ ರೂಢಿ ನಮ್ಮಲ್ಲಿದೆ. ನಮ್ಮ ಮಕ್ಕಳಲ್ಲಿ ಎಷ್ಟು ಜನರ ಮೈ ಆ ಬಣ್ಣದ್ದು? ಕೆಮ್ಮಣ್ಣು, ಅರಿಸಿನ, ಇದ್ದಿಲಪುಡಿಯನ್ನು ಕಲಸಿ ತನ್ನ ಕೈಯ ಬಣ್ಣವನ್ನು ತಾನೇ ಮಾಡಿಕೊಳ್ಳುವ ಮಗು, ಒಬ್ಬೊಬ್ಬರದೂ ಒಂದೊಂದು ಬೆರಕೆ ಎಂಬುದನ್ನು ಕಾಣುತ್ತದೆ. ಬೆಂಗಳೂರಿನ ಯಾವುದೇ ಬಡಾವಣೆಯ ಅಂಗನವಾಡಿಯಲ್ಲಿ ನೀರಿಗೆ ಕನ್ನಡದ ‘ನೀರು’, ತೆಲುಗಿನ ‘ನೀಳ್ಳು’, ತಮಿಳಿನ ‘ತಣ್ಣಿ’, ಉರ್ದುವಿನ ‘ಪಾನಿ’ ಎಲ್ಲವೂ ಕೇಳಿಸುತ್ತವೆ. ದಿನಕ್ಕೊಂದು ಭಾಷೆಯಲ್ಲಿ ನೀರು ಕೇಳುವ ಆಟವಾಡಿದರೆ, ಮನೆಮಾತು ಬೇರೆಯಾದ ಮಗು ಅಂದು ತರಗತಿಯ ಗುರುವಾಗುತ್ತದೆ. ಇದರಿಂದ ಕನ್ನಡಕ್ಕೆ ನಷ್ಟವೇನೂ ಇಲ್ಲ. ತನ್ನ ಮಾತಿಗೆ ಗೌರವ ಸಿಕ್ಕ ಮಗು ನಮ್ಮ ಮಾತನ್ನು ಪ್ರೀತಿಯಿಂದಲೇ ಕಲಿಯುತ್ತದೆ. ಅಡುಗೆಯಾಟದ ಮೂಲೆಯಲ್ಲಿ ಹುಡುಗರೂ, ಗಾಡಿಯಾಟದ ಮೂಲೆಯಲ್ಲಿ ಹುಡುಗಿಯರೂ ಸರದಿಯಂತೆ ಇರಲಿ. ಕಾಲು ಬಾರದ ಮಗುವಿದ್ದರೆ ಅಂದಿನ ಆಟವನ್ನು ಎಲ್ಲರೂ ಕುಳಿತೇ ಆಡಲಿ.

ಷಿಕಾಗೊ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ದಶಕಗಳ ಕಾಲ ಪುಟ್ಟ ಮಕ್ಕಳಿಗೆ ಕಲಿಸಿದ ವಿವಿಯನ್ ಪೇಲಿ ಒಂದೇ ಒಂದು ನಿಯಮವನ್ನು ಜಾರಿಗೆ ತಂದು, ಅದರ ಅನುಭವವನ್ನು 1992ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಿಯಮ ಇಷ್ಟೇ: ‘ನೀನು ನಮ್ಮ ಜೊತೆ ಆಡಬೇಡ’ ಎಂದು ಯಾರೂ ಯಾರಿಗೂ ಹೇಳಕೂಡದು. ಜಾರಿಗೊಳಿಸುವ ಮುನ್ನ ಅವರು ಮೇಲಿನ ತರಗತಿಯ ಮಕ್ಕಳ ಅಭಿಪ್ರಾಯ ಕೇಳಿದರು. ನಿಯಮ ನ್ಯಾಯವಾದದ್ದು ಎಂದು ಅವರು ಒಪ್ಪಿದರೂ, ಅದು ನಡೆಯುತ್ತದೆಂಬ ನಂಬಿಕೆ ಅವರಲ್ಲಿ ಹೆಚ್ಚಿಗೆ ಇರಲಿಲ್ಲ. ಚಿಕ್ಕವರು ಅದನ್ನು ಹೆಚ್ಚು ಸುಲಭವಾಗಿ ಸ್ವೀಕರಿಸಿದರು. ಶಾಲಾಪೂರ್ವದ ವಯಸ್ಸು ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸರಳವಾದ ವಿವರಣೆ ನನಗೆ ತೋಚದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ವೈವಿಧ್ಯವನ್ನು ವೇಷಭೂಷಣದ ಸ್ಪರ್ಧೆಗೆ ಇಳಿಸಬಾರದು. ಸ್ವಾತಂತ್ರ್ಯ ದಿನದಂದು ಒಬ್ಬ ಮಗುವಿಗೆ ಲಂಬಾಣಿ ಲಂಗ, ಇನ್ನೊಬ್ಬನಿಗೆ ಟೋಪಿ ತೊಡಿಸಿ ಚಿತ್ರ ತೆಗೆಸುವ ಶಾಲೆಯಲ್ಲಿ, ಆ ಸಮುದಾಯಗಳ ನಿಜವಾದ ಮಗು ಒಂದೂ ಇಲ್ಲದಿದ್ದರೆ ಅದು ವೈವಿಧ್ಯವಲ್ಲ, ಪ್ರದರ್ಶನ. ಎರಡನೆಯದು, ದಯೆಗೆ ಬೆಲೆಚೀಟಿ ಅಂಟಿಸಬಾರದು. ಹಂಚಿಕೊಂಡವರಿಗೆ ನಕ್ಷತ್ರ, ಸಹಾಯ ಮಾಡಿದವರಿಗೆ ಚಾಕೊಲೇಟು ಎಂಬ ಪದ್ಧತಿ ಖಾಸಗಿ ಶಿಶುವಿಹಾರಗಳಲ್ಲಿ ಜನಪ್ರಿಯವಾಗಿದೆ. ಪ್ರೋತ್ಸಾಹಧನದ ಸಿದ್ಧಾಂತಗಳನ್ನು ಓದಿ ಬೆಳೆದ ನನಗೂ ಮೊದಲು ಇದರಲ್ಲಿ ತಪ್ಪು ಕಾಣಲಿಲ್ಲ. ಆದರೆ ಜರ್ಮನಿಯಲ್ಲಿ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಾಯಕ್ಕೆ ಬಹುಮಾನ ಪಡೆದ 20 ತಿಂಗಳ ಕೂಸುಗಳು ಮುಂದೆ ಬಹುಮಾನವಿಲ್ಲದಾಗ, ಏನನ್ನೂ ಪಡೆಯದೇ ಸಹಾಯ ಮಾಡಿದ್ದ ಕೂಸುಗಳಿಗಿಂತ ಕಡಿಮೆ ಸಹಾಯ ಮಾಡಿದವು. ಮಗುವಿನಲ್ಲಿ ತಾನಾಗಿಯೇ ಇರುವ ದಯೆಗೆ ನಾವು ಕೂಲಿ ಕೊಡಲು ಹೋದರೆ ಅದು ಕೂಲಿಗೇ ಕಾಯುತ್ತದೆ.

‘ಇದಕ್ಕೆಲ್ಲ ಸಮಯವೆಲ್ಲಿ? ಮಗು ಒಂದನೇ ತರಗತಿಗೆ ಹೋಗುವಷ್ಟರಲ್ಲಿ ಇಂಗ್ಲಿಷ್ ಅಕ್ಷರ ಬರೆಯಬೇಡವೇ?’ ಎಂದು ಪಾಲಕರು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ಇದಕ್ಕೆ ಉತ್ತರವಾಗಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ಪೆರಿ ಶಿಶುಶಾಲೆಯ ಪ್ರಯೋಗವನ್ನು ಉದಾಹರಿಸಬಹುದು. ಬಡ ಕಪ್ಪು ಕುಟುಂಬಗಳ 123 ಮಕ್ಕಳಲ್ಲಿ ಒಂದು ಗುಂಪಿಗೆ ಉತ್ತಮ ಶಾಲಾಪೂರ್ವ ಶಿಕ್ಷಣ ದೊರೆಯಿತು, ಇನ್ನೊಂದಕ್ಕೆ ಇಲ್ಲ. ಬುದ್ಧಿಮತ್ತೆಯ ಅಂಕಗಳಲ್ಲಿ ಕಂಡ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ನಲವತ್ತನೇ ವಯಸ್ಸಿನಲ್ಲಿಯೂ ಮೊದಲ ಗುಂಪಿನವರ ಗಳಿಕೆ ಹೆಚ್ಚಿತ್ತು, ಅಪರಾಧದಲ್ಲಿ ಸಿಲುಕಿದ್ದು ಕಡಿಮೆಯಿತ್ತು. 2000ದಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಈ ದತ್ತಾಂಶವನ್ನು ವಿಶ್ಲೇಷಿಸಿ, ಲಾಭದ ದೊಡ್ಡ ಪಾಲು ಬಂದದ್ದು ಮಕ್ಕಳ ನಡವಳಿಕೆ ಮತ್ತು ಸ್ವಭಾವದಲ್ಲಾದ ಸುಧಾರಣೆಯಿಂದ ಎಂದು ತೋರಿಸಿದರು. ಜೊತೆಗಿರಲು, ಸರದಿ ಕಾಯಲು, ಸಿಟ್ಟನ್ನು ನುಂಗಲು ಕಲಿತದ್ದು ಅಕ್ಷರಕ್ಕಿಂತ ಹೆಚ್ಚು ಕಾಲ ಉಳಿಯಿತು. ಆ ಪ್ರಯೋಗದಲ್ಲಿ ನುರಿತ ಶಿಕ್ಷಕಿಯರಿದ್ದರು, ವಾರವಾರವೂ ಮನೆಭೇಟಿ ನಡೆಯುತ್ತಿತ್ತು ಎಂಬುದನ್ನೂ ಹೇಳಬೇಕು. ಕಡಿಮೆ ವೆಚ್ಚದಲ್ಲಿ ಅದೇ ಫಲ ಬೇಕೆಂದರೆ ಸಿಗಲಾರದು.

ಇನ್ನು ಕೆಲವರು, ಎಳೆಯ ಮನಸ್ಸಿನ ಮೇಲೆ ಸಿದ್ಧಾಂತ ಹೇರಬಾರದು ಎನ್ನುತ್ತಾರೆ. ನಾವು ಏನನ್ನೂ ಹೇರದೆ ಸುಮ್ಮನಿದ್ದರೆ ಆ ಮನಸ್ಸು ಖಾಲಿಯಾಗಿ ಉಳಿಯುತ್ತದೆಯೇ? ಆ ಎರಡು ಸಾಲುಗಳನ್ನು ಯಾವ ಶಿಕ್ಷಕಿಯೂ ಕಲಿಸಿರಲಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನಿಷೇಧಿಸಿದೆ. ಆರು ವರ್ಷದೊಳಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ ಪ್ರಭುತ್ವ ಶ್ರಮಿಸಬೇಕೆಂದು 2002ರ ತಿದ್ದುಪಡಿಯ ನಂತರದ 45ನೇ ವಿಧಿ ಹೇಳುತ್ತದೆ. ಎರಡನ್ನೂ ಕೂಡಿಸಿ ಓದಿದರೆ ಕರ್ತವ್ಯ ಸ್ಪಷ್ಟವಾಗಿದೆ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆಯದೇ. ಬಡವರ ಮಕ್ಕಳು ಅಂಗನವಾಡಿಗೂ ಉಳ್ಳವರ ಮಕ್ಕಳು ಹವಾನಿಯಂತ್ರಿತ ಶಿಶುವಿಹಾರಕ್ಕೂ ಹೋಗುತ್ತಿರುವಾಗ, ಯಾವ ಎಲೆ ಯಾರನ್ನು ಯಾರ ಪಕ್ಕ ಕೂರಿಸೀತು? ಬೆಂಗಳೂರಿನಲ್ಲಿ ಎರಡು ಸಾಲುಗಳು ಒಂದೇ ಕೊಠಡಿಯಲ್ಲಿಲ್ಲ, ಬೇರೆ ಬೇರೆ ಕಟ್ಟಡಗಳಲ್ಲಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಪ್ರವೇಶ ಹಂತದಲ್ಲಿ, ಶಾಲಾಪೂರ್ವ ತರಗತಿಯಿದ್ದರೆ ಅಲ್ಲಿಂದಲೇ, ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ 2019ರಲ್ಲಿ ಕರ್ನಾಟಕ ನಿಯಮವನ್ನು ಬದಲಿಸಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ವಿನಾಯಿತಿ ನೀಡಿತು. ಪ್ರವೇಶಗಳು ತೀವ್ರವಾಗಿ ಕುಸಿದವು. ಸರ್ಕಾರಿ ಶಾಲೆಗಳನ್ನು ಉಳಿಸಬೇಕು, ಸಾರ್ವಜನಿಕ ಹಣ ಖಾಸಗಿಯವರಿಗೆ ಹೋಗಬಾರದು ಎಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ; ಕಡತದ ಆ ಬದಿಯಲ್ಲಿ ಕುಳಿತವನಿಗೆ ಅದು ಗೊತ್ತು. ಆದರೆ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಯಿತು: ಉಳ್ಳವರ ಮಕ್ಕಳಿಗೆ ಆಗುತ್ತಿದ್ದ ಲಾಭ.

ಇದು ಭಾವುಕತೆಯ ಮಾತಲ್ಲ. ಬಡ ಮಕ್ಕಳಿಗೆ ಸೀಟು ನೀಡುವುದು 2007ರಲ್ಲಿ ಕಡ್ಡಾಯವಾದ ದೆಹಲಿಯ ಸಿರಿವಂತ ಖಾಸಗಿ ಶಾಲೆಗಳನ್ನು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಧ್ಯಯನ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಡ ಸಹಪಾಠಿಗಳೊಂದಿಗೆ ಓದಿದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು, ಬಡವರನ್ನು ದೂರವಿಡುವ ಪ್ರವೃತ್ತಿ ಅವರಲ್ಲಿ ಕಡಿಮೆಯಿತ್ತು. ಅವರ ಅಂಕಗಳಿಗೆ ಹೇಳಿಕೊಳ್ಳುವಂಥ ಧಕ್ಕೆಯಾಗಿರಲಿಲ್ಲ. ಗಮನಾರ್ಹ ಸಂಗತಿಯೆಂದರೆ, ಕೆಲವು ಶಾಲೆಗಳಲ್ಲಿ ಅಕಾರಾದಿ ಕ್ರಮದಲ್ಲಿ ಓದಿನ ಗುಂಪುಗಳನ್ನು ಮಾಡುತ್ತಿದ್ದರು. ಹೆಸರಿನ ಮೊದಲಕ್ಷರದ ಆಕಸ್ಮಿಕದಿಂದ ಬಡ ಮಗುವಿನ ಜೊತೆಗಾರರಾದವರಲ್ಲಿ ಈ ಬದಲಾವಣೆ ಕಂಡಿತು. ಆ ಕಾರ್ಯಕರ್ತೆಯ ಬೇವು-ಮಾವಿನ ಬುಟ್ಟಿ ಮಾಡುತ್ತಿದ್ದುದೂ ಇದನ್ನೇ ಅಲ್ಲವೇ?

ಇಷ್ಟೆಲ್ಲವನ್ನು ಮಾಡಬೇಕಾದವರು ಯಾರು? ಇಂದಿಗೂ ಗೌರವಧನ ಪಡೆಯುವ ‘ಸ್ವಯಂಸೇವಕಿ’. ಆಕೆಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಹೇಳಲು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಮೊಬೈಲಿನಲ್ಲಿ ಮಾಹಿತಿ ತುಂಬುವುದರಲ್ಲಿ, ಸಮೀಕ್ಷೆಗಳಲ್ಲಿ ಆಕೆಯ ಹೊತ್ತು ಕಳೆಯುತ್ತದೆ. ಸಮಾನವಾಗಿ ನಡೆಸಿಕೊಳ್ಳಲ್ಪಡದ ಹೆಂಗಸಿನ ಕೈಗೆ ಸಮಾನತೆಯ ಪಾಠವನ್ನು ಒಪ್ಪಿಸಿದ್ದೇವೆ. ಆಕೆಗೆ ತರಬೇತಿಯ ದಿನಗಳು ಹೆಚ್ಚಲಿ, ದಾಖಲೆಗಳ ಹೊರೆ ಇಳಿಯಲಿ, ಊರು ಎದುರು ನಿಂತಾಗ ಇಲಾಖೆ ಆಕೆಯ ಬೆನ್ನಿಗಿರಲಿ. ತಪಾಸಣಾ ನಮೂನೆಯಲ್ಲಿ ಒಂದು ಅಂಕಣ ಸೇರಲಿ: ಮಕ್ಕಳು ಒಟ್ಟಿಗೆ ಕುಳಿತು ಉಣ್ಣುತ್ತಾರೆಯೇ? ಇದಕ್ಕೆ ಹಣಕಾಸು ಇಲಾಖೆಯ ಸಮ್ಮತಿ ಬೇಕಾಗಿಲ್ಲ.

ಕಡೆಯದಾಗಿ ಮನೆಯ ಮಾತು. ನಾಲ್ಕು ವರ್ಷದ ನನ್ನ ಮೊಮ್ಮಗಳು ಹೋಗುವ ಶಿಶುವಿಹಾರದಲ್ಲಿ ವಾರಕ್ಕೊಂದು ದಿನ ಹಂಚಿ ತಿನ್ನುವ ಚಟುವಟಿಕೆಯಿದೆ. ಅಂಥದೊಂದು ದಿನ ಮನೆಗೆ ಬಂದವಳು ಅಡುಗೆಮನೆಯ ಕಿಟಕಿಯ ಅಂಚಿನಲ್ಲಿದ್ದ ಸ್ಟೀಲ್ ಲೋಟ ತೋರಿಸಿ, ಕೆಲಸದ ಆಂಟಿಯ ಲೋಟ ಮಾತ್ರ ಏಕೆ ಅಲ್ಲಿರುತ್ತದೆ ಎಂದು ಕೇಳಿದಳು. ‘ಅವರಿಗೆ ಅದೇ ಇಷ್ಟ’ ಎಂದೆ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆ ಸಲ್ಲಿಸಿದ, ಇಂಥ ಲೇಖನಗಳನ್ನು ಬರೆಯುವ ನಾನು ನಾಲ್ಕು ವರ್ಷದವಳಿಗೆ ಹೇಳಿದ ಸುಳ್ಳು ಅದು. ಆ ಲೋಟವನ್ನು ಅಲ್ಲಿ ಇಟ್ಟವರು ಯಾರೆಂದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಇಷ್ಟು ವರ್ಷ ಯಾರೂ ಅದನ್ನು ತೆಗೆದೂ ಇರಲಿಲ್ಲ.

ಮರುದಿನ ಲೋಟವನ್ನು ಉಳಿದ ಲೋಟಗಳ ಜೊತೆ ಕಪಾಟಿನಲ್ಲಿಟ್ಟೆವು. ತಿಂಗಳುಗಳೇ ಕಳೆದಿವೆ. ಆಕೆ ಇಂದಿಗೂ ಕಪಾಟು ತೆರೆದು, ಉಳಿದವುಗಳ ನಡುವೆ ಹುಡುಕಿ, ಆ ಹಳೆಯ ಲೋಟವನ್ನೇ ತೆಗೆದುಕೊಳ್ಳುತ್ತಾರೆ. ಐವತ್ತು ದಾಟಿದ ಮೇಲೆ ಮರೆಯುವುದು ಎಷ್ಟು ಕಷ್ಟ ಎಂಬುದನ್ನು ನಾನು ದಿನವೂ ನೋಡುತ್ತಿದ್ದೇನೆ. ಮೂರನೇ ವಯಸ್ಸಿನಲ್ಲಿ ಅದನ್ನು ಕಲಿಸದಿರುವುದು ಅದಕ್ಕಿಂತ ಎಷ್ಟೋ ಸುಲಭ.